ಒಂಬೈನೂರಾ ತೊಂಬತ್ತೊಂಬತ್ತರ ತನಕ

ಸೊಲ್ಲಾಪುರ, ಅಶೋಕ ಚೌಕದ ಹಿಂದಿನ ಓಣಿ.
ಝೆರಾಕ್ಸು, ಲ್ಯಾಮಿನೇಶನ್ನು, ಪಾಸ್‌ಪೋರ್ಟ್ ಫೋಟೋ.
ಬೋರ್ಡು ಮರಾಠಿ, ಬೈಗುಳ ತೆಲುಗು, ಲೆಕ್ಕ ಕನ್ನಡ.
ಮಹಾನಂದಾ ಮೇತ್ರೆ ಬಂದು
ಸೆರಗಿನ ಗಂಟು ಬಿಚ್ಚಿ ಪೆನ್ ಡ್ರೈವ್ ಇಟ್ಟಳು:
ಇಪ್ಪತ್ತೆರಡು ಫೋಟೋ, ನಲವತ್ತು ಸೆಕೆಂಡಿನ ಒಂದು ಸಪ್ಪಳ.
"ರವಿವಾರ ಸೇರ್ತೀವಿ, ಚಾದರ ನೇಯ್ದ ಮಂದಿ ಎಲ್ಲಾ.
ಫೋಟೋ ಒಂದರ ಬೆನ್ನಿಗೊಂದು ಹೋಗ್ಲಿ,
ಸಪ್ಪಳ ಮಾತ್ರ ನಿಂದ್ರಬಾರದು."

ಓಡಿಸಿ ನೋಡಿದೆ.
ಮೊದಲ ಚಿತ್ರದ ಮೇಲೆ ಖಟಾಖಟ್ ಖಟಾಖಟ್,
ಎರಡನೆಯದು ಬಂದದ್ದೇ ಗಪ್ಪಾಯಿತು,
ಮಾಲಕ ಒಳಗೆ ಬಂದಾಗ ಹರಟೆ ನಿಲ್ಲುವ ಹಾಗೆ.
ಮೇಲಾಗಿ ಸ್ಪೀಕರಿನ ಸಣ್ಣ ಬೂದು ಐಕಾನು
ಮಾಲಕನ ಮೂಗಿನ ಮೇಲೇ ಕೂತಿತ್ತು.
"ಇರ್ಲಿ ಬಿಡು, ಒಪ್ತದ ಅವಗ," ಅಂದು ನಕ್ಕಳು.
ನಾನದನ್ನು ಹಾಳೆಯಂಚಿನಾಚೆ ಎಳೆದಿಟ್ಟೆ.
ಕಾಣುವುದಿಲ್ಲ, ಕೇಳುತ್ತದೆ.

ಎಷ್ಟು ಸ್ಲೈಡಿನ ನಂತರ ನಿಲ್ಲಲಿ, ಎಂದು ಕೇಳಿತು ಯಂತ್ರ.
ಒಂಬೈನೂರಾ ತೊಂಬತ್ತೊಂಬತ್ತು ಎಂದು ಒತ್ತಿದೆ.
"ಇರೂವು ಇಪ್ಪತ್ತೆರಡ ಅಲ್ಲೇನ?"
ಹೌದವ್ವಾ. ನಿಲ್ಲಬೇಡ ಎಂಬುದನ್ನು
ಇದಕ್ಕೆ ಹೀಗೇ ತಿಳಿಸಿ ಹೇಳಬೇಕು.
"ಉಳಿದ ಒಂಬೈನೂರಾ ಎಪ್ಪತ್ತೇಳರಾಗ ಯಾರದಾರ?"
ನನಗೆ ಉತ್ತರ ಹೊಳೆಯುವುದರೊಳಗೆ ತಾನೇ ಅಂದಳು:
"ರಾತ್ರಿ ಪಾಳಿಯವರು. ಅವರ ಫೋಟೋ ಯಾರು ತೆಗೀತಿದ್ರು?"

ಇನ್ನೊಂದು ತೊಡಕು. ನಲವತ್ತನೆಯ ಸೆಕೆಂಡಿಗೆ
ಒಂದು ಕೂಗು: "ಏ, ದಾರ ಕಡೀತಲೇ!"
ಮತ್ತೆ ಮೊದಲಿಂದ. ಮತ್ತೆ ಕಡಿಯುತ್ತದೆ.
ಆ ತುದಿ ಕತ್ತರಿಸಿ ನುಣ್ಣಗೆ ಬೆಸೆದುಬಿಡಲೇ, ಅಂದೆ.
"ಬ್ಯಾಡ. ದಾರ ಕಡೀಲಾರದ ಮಗ್ಗ ನೀ ಎಲ್ಲಿ ನೋಡೀದಿ?"
ಸ್ವಲ್ಪ ಬಿಟ್ಟು,
"ದನಿ ನಂದ."
ತಿರುಗಿ ನೋಡಿದೆ. ಅವಳು ಪರದೆ ನೋಡುತ್ತಿದ್ದಳು.

ರವಿವಾರ, ಮಂಗಲ ಕಾರ್ಯಾಲಯದ ಬಾಡಿಗೆ ಕುರ್ಚಿಗಳು.
ಖಟಾಖಟ್ ಸುರುವಾದದ್ದೇ ಮಂದಿ ತಮಗರಿವಿಲ್ಲದೆ
ದನಿ ಏರಿಸಿದರು. ಮಗ್ಗುಲಲ್ಲಿದ್ದವರಿಗೂ ಕೂಗಿ ಕೂಗಿ,
ಕಿವಿಯ ಹಂಗಿಲ್ಲದೆ ತುಟಿಯನ್ನೇ ಓದುತ್ತ
ಅವ್ವಂದಿರ ಸುದ್ದಿ, ಮೊಣಕಾಲಿನ ಸುದ್ದಿ, ಬೋನಸ್ಸಿನ ಹಳೇ ಜಗಳ
ಒಂದಕ್ಷರ ಬಿಡದೆ ತಿಳಿದುಕೊಂಡರು.
ಆರನೆಯ ಸಲ ದಾರ ಕಡಿದಾಗ
ಮುಂದಿನ ಸಾಲಿನ ಹೆಂಗಸೊಬ್ಬಳ ಬೆರಳು
ತೊಡೆಯ ಮೇಲೆ, ಬರಿಗಾಳಿಯಲ್ಲಿ, ಗಂಟು ಹಾಕಿದವು.

ಇಪ್ಪತ್ತೆರಡನೆಯದು ಬಂದು ನಿಂತಿತು:
ಬೀಗ ಹಾಕಿದ ಶೆಡ್ಡು, ಕದದ ಮೇಲೆ ಬ್ಯಾಂಕಿನ ಚೀಟಿ,
ಒಳಗಿನಿಂದ ಎಂಬಂತೆ
ಖಟಾಖಟ್ ಖಟಾಖಟ್.
ಯಾರೂ ಏಳಲಿಲ್ಲ. ಚಹಾ ಆರಿ ಕೆನೆಗಟ್ಟಿತು.
ಕಾರ್ಯಾಲಯದವನು ಗಡಿಯಾರ ತೋರಿಸಿದ.
ಕೊನೆಗೆ ನಾನೇ ಎಸ್ಕೇಪ್ ಒತ್ತಿದೆ.

ಮೂರನೆಯ ಸಾಲಿನ ಇರಪಣ್ಣ ಮುತ್ಯಾ ತಲೆಯೆತ್ತಿ
ತಿರುಗುತ್ತಿದ್ದ ಫ್ಯಾನು ನೋಡಿದ,
ಉರಿಯುತ್ತಿದ್ದ ಟ್ಯೂಬು ನೋಡಿದ,
"ಲೈಟ್ ಹೋತೇನೋ?" ಅಂದ.