ಹನ್ನೊಂದನೇ ಕಂತು

ಮೊದಲು ನೀವು ಪ್ಯಾಮ್.
ಮೂರನೇ ಸಲ ಫೋನು ಮಾಡಿದಾಗ ಪ್ರಮೀಳಾ.
ನನ್ನ ಹಲೋದೊಳಗೆ ಅದೇನು ಕೇಳಿಸಿತೋ,
"ಹ್ವಾಯ್, ನೀವ್ ಕುಂದಾಪ್ರ ಬದಿಯವ್ರಾ?" ಅಂದಿರಿ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ಟೈಲ್ಸ್ ಗೋದಾಮು,
ಮಧ್ಯಾಹ್ನ ಎರಡು. ಫೋರ್ಕ್‌ಲಿಫ್ಟಿನ ಕಬ್ಬಿಣ ಮುಟ್ಟಿದರೆ
ಬೆರಳಿನ ಸಿಪ್ಪೆ ಏಳುವ ಹೊತ್ತು.
ನಾನು ನೆರಳಿಗೆ ಸರಿದು ನಿಂತೆ.
ಗಂಗೊಳ್ಳಿ, ಅಂದೆ.
ಅಷ್ಟೇ. ಅಲ್ಲಿಗೆ ಅಡ್ಮಿಶನ್ ಆಗಿಹೋಯಿತು.

ಎಂಬಿಎ. ಹದಿನೆಂಟು ತಿಂಗಳು.
ಬೆಡ್‌ಸ್ಪೇಸಿನ ಮೇಲಿನ ಮಂಚದಲ್ಲಿ ಮಲಗಿಕೊಂಡೇ ಕಲಿಯಬಹುದು,
ಪುಸ್ತಕ ತೆರೆದಿಟ್ಟೇ ಪರೀಕ್ಷೆ ಬರೆಯಬಹುದು,
ತಿಂಗಳಿಗೆ ಬರೀ ಆರುನೂರೈವತ್ತು ದಿರ್ಹಾಮ್.
"ಸ್ಟೋರ್‌ಕೀಪರ್ ಅಂದ್ಕಂಡೇ ಎಷ್ಟ್ ವರ್ಷ ಮಾರಾಯ್ರೆ,
ಮ್ಯಾನೇಜರ್ ಆಯ್ಕ್ ಅಲ್ದಾ?"
ಆಯ್ಕು. ಆಗಲೇಬೇಕು.
ಊರ ಮಾತಿನಲ್ಲಿ ಕೇಳಿದರೆ ಇಲ್ಲ ಅನ್ನುವುದು ಹೇಗೆ?

ಪಾಠ ಹೇಳುವವರಿಗೆ ಹನ್ನೆರಡು ವಿಡಿಯೋದಲ್ಲೂ ಅದೇ ನೀಲಿ ಅಂಗಿ.
ಒಂದೇ ದಿನ ಕೂತು ಎಲ್ಲ ಮುಗಿಸಿದ್ದಾರೆ, ಪಾಪ.
ಆರನೇ ಪಾಠದಲ್ಲಿ ನೀರು ಕುಡಿದರು,
ಒಂಬತ್ತಕ್ಕೆ ದನಿ ಒಡೆದಿತ್ತು,
ಹನ್ನೆರಡರಲ್ಲಿ ನಾಯಕತ್ವದ ಬಗ್ಗೆ ಹೇಳುತ್ತ
ಎರಡು ಸಲ ಗಡಿಯಾರ ನೋಡಿದರು.

ನಮ್ಮದು ನಾಲ್ಕನೇ ಗುಂಪು.
ದೋಹಾದ ಕ್ಯಾಶಿಯರ್ ಮಾರಿಟೆಸ್,
ಜುಬೈಲಿನಲ್ಲಿ ರಾತ್ರಿ ಪಾಳಿಯ ಕಾವಲುಗಾರ ಅಬ್ದೆಲ್‌ಗಾದಿರ್, ನಾನು,
ಬಾಯಿಯೇ ಬಿಡದ ಇನ್ನೊಬ್ಬರು.
ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಉತ್ತರಿಸಿದರೆ ಎರಡು ಅಂಕ:
"ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ."
ಒಂದು ರಾತ್ರಿ, ಮಾರುಕಟ್ಟೆ ವಿಂಗಡಣೆಯ ಪ್ರಶ್ನೆಯ ಕೆಳಗೆ,
ಅಬ್ದೆಲ್‌ಗಾದಿರ್ ಬರೆದ:
ನನಗೆ ಮಗಳು ಹುಟ್ಟಿದಳು, ಓಮ್‌ದುರ್ಮಾನಿನಲ್ಲಿ.
ಪೂರ್ಣ ಸಹಮತವಿದೆ, ಅಂದೆವು.
ಬಾಯಿ ಬಿಡದವರೂ ಅಂದರು.
ಯಂತ್ರ ಎಲ್ಲರಿಗೂ ಎರಡೆರಡು ಅಂಕ ಕೊಟ್ಟಿತು.

ಸುಳ್ಳು ಯಾಕೆ, ಕಲಿತದ್ದೂ ಇದೆ.
ಬ್ರೇಕ್ ಈವನ್ ಅನ್ನುವ ಪಾಠ:
ಹಾಕಿದ ದುಡ್ಡು, ಹುಟ್ಟಿದ ದುಡ್ಡು, ಎರಡು ಗೆರೆ,
ಅವು ಕೂಡುವ ಒಂದು ಚುಕ್ಕೆ.
ಟೈಲ್ಸ್ ಪೆಟ್ಟಿಗೆಯ ರಟ್ಟಿನ ಮೇಲೆ ನನ್ನದನ್ನೇ ಹಾಕಿ ನೋಡಿದೆ.
ಚುಕ್ಕೆ ಬಿದ್ದದ್ದು ನನ್ನ ಎಪ್ಪತ್ತೊಂದನೇ ವರ್ಷಕ್ಕೆ.
ಕಂಪನಿ ಅರವತ್ತಕ್ಕೇ ಟಿಕೆಟ್ ಕೊಟ್ಟು ಕಳಿಸುತ್ತದೆ.

ಆಮೇಲೆ ಟೈಪಿಂಗ್ ಸೆಂಟರಿನ ಪಾಲಕ್ಕಾಡಿನವನು
ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿ
"ಇದರಲ್ಲಿಲ್ಲ ಭಾಯಿ, ಅಟೆಸ್ಟೇಶನ್ ಆಗಲಿಕ್ಕಿಲ್ಲ" ಅಂದ.
ಅವನು ಶುಲ್ಕ ತಗೊಳ್ಳಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ನಿಮಗೆ ಫೋನು ಹಚ್ಚಿದೆ.
ಅರಬ್ಬಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು.
ಕುಂದಾಪ್ರಕ್ಕೆ ಯಾವ ಅಂಕಿಯೂ ಇರಲಿಲ್ಲ.

ಹನ್ನೊಂದನೇ ಕಂತನ್ನು ಕಿಸೆಯಲ್ಲಿಟ್ಟುಕೊಂಡೇ
ಅಜ್ಮಾನಿನ ಬಸ್ಸು ಹತ್ತಿದೆ.
ದಾರಿಯುದ್ದ ಬೈಗುಳ ಜೋಡಿಸಿಕೊಂಡೆ,
ದೋಣಿ ಎಳೆಯುವವರ ಬಾಯಲ್ಲಿ ಕೇಳಿದವು,
ಒಂದೂ ಹೆಂಗಸರ ಮುಂದೆ ಆಡುವಂಥದ್ದಲ್ಲ.

ಅತ್ತರಿನ ಅಂಗಡಿಯ ಮೇಲೆ, ನಾಲ್ಕನೇ ಮಹಡಿ.
ಸಾಲು ಸಾಲು ಮೇಜು, ಸಾಲು ಸಾಲು ಹೆಡ್‌ಫೋನು.
ಗೋಡೆಯ ಬಿಳಿ ಹಲಗೆಯಲ್ಲಿ ಈ ತಿಂಗಳ ಲೆಕ್ಕ:
ಪ್ಯಾಮ್, ಇಪ್ಪತ್ತಕ್ಕೆ ಏಳು. ಕೆಂಪು ಶಾಯಿ.
ನಿಮ್ಮ ಪರದೆಯ ಮೂಲೆಯಲ್ಲಿ ಅರ್ಧಕ್ಕೆ ನಿಂತ ನೀಲಿ ಅಂಗಿ.

"ನೀವೂವಾ?"
"ಸಂಬ್ಳದಲ್ಲೇ ಹಿಡಿತ್ರ್," ಅಂದಿರಿ, ಸೂಪರ್‌ವೈಸರ್ ಕಡೆ ನೋಡಿ,
ಬಹಳ ಸಣ್ಣ ದನಿಯಲ್ಲಿ.

ಜೋಡಿಸಿಕೊಂಡದ್ದು ಒಂದೂ ಬಾಯಿಗೆ ಬರಲಿಲ್ಲ.
ಬಂದದ್ದು ಇಷ್ಟೇ: "ಎಷ್ಟನೇ ಪಾಠ?"
"ಒಂಬತ್ತು. ಸ್ವರ ಒಡ್ದಿತ್ತಲೆ, ಅದು."

ಕೆಳಗಿನ ಕೆಫೆಟೇರಿಯಾದಲ್ಲಿ ಹತ್ತು ನಿಮಿಷದ ಬಿಡುವು.
ಬ್ರೇಕ್ ಈವನ್ ತಲೆಗೆ ಹತ್ತಲಿಲ್ಲ ಅಂದಿರಿ.
ಟಿಶ್ಯೂ ಮೇಲೆ ಎರಡು ಗೆರೆ ಎಳೆದೆ,
ಅವು ಕೂಡುವ ಮೊದಲೇ ಟಿಶ್ಯೂ ಮುಗಿಯಿತು.
ನಿಮಗೆ ಅರ್ಥವಾಯಿತು.

ಎರಡು ಕರಕ್ ಚಹಾದ ದುಡ್ಡು ನೀವೇ ಕೊಟ್ಟಿರಿ.
ಇಷ್ಟು ತಿಂಗಳಲ್ಲಿ ನನಗೆ ಮರಳಿದ್ದು
ಒಂದೂವರೆ ದಿರ್ಹಾಮ್.
ಬರೆದಿಟ್ಟುಕೊಂಡಿದ್ದೇನೆ.