ಇನ್ನೂರೈವತ್ತು ಪದಗಳ ಮಿತಿಯಲ್ಲಿ

ಮೂವತ್ತೊಂಬತ್ತು ಹಾಳೆ. ಮೂವತ್ತೊಂಬತ್ತರಲ್ಲೂ
ಮೊಬೈಲಿನಿಂದ ಲಾಭವೂ ಉಂಟು, ನಷ್ಟವೂ ಉಂಟು.
ಆನ್ ದ ಒನ್ ಹ್ಯಾಂಡ್ ಎಂದು ಶುರು,
ಆನ್ ದಿ ಅದರ್ ಹ್ಯಾಂಡ್ ಎಂದು ನಡುವೆ,
ಕೊನೆಗೆ ಎರಡೂ ಕೈ ಜೋಡಿಸಿ ನಮಸ್ಕಾರ.
ಹಂಪನಕಟ್ಟೆಯ ಅಂಗಡಿಯಲ್ಲಿ
ಗೈಡಿನ ಜೊತೆ ಪುಕ್ಕಟೆ ಸಿಗುವ ಅಭಿಪ್ರಾಯ.

ನಿಶ್ಮಿತಾ, ದಕ್ಕೆಯಲ್ಲಿ ನಿನ್ನಮ್ಮ
ಗಿರಾಕಿಯ ಎದುರು ಹೀಗೆ ಹೇಳುವುದುಂಟಾ,
ಒಂದು ಕೈಯಲ್ಲಿ ಹಿಡಿದರೆ ಈ ಬಂಗುಡೆ ತಾಜಾ,
ಇನ್ನೊಂದರಲ್ಲಿ ಹಿಡಿದರೆ ನಿನ್ನೆಯದು ಅಂತ?
ಕ್ಲಾಸು ನಕ್ಕಿತು. ಅವಳು ನಗಲಿಲ್ಲ.
ಅಮ್ಮ ತಾಜಾ ಅಂತಲೇ ಹೇಳುವುದು ಮೇಡಂ,
ಕಿವಿರು ಎತ್ತಿ ತೋರಿಸಿ.
ಅದೇ ಮಾರಾಯ್ತಿ, ಅಂದೆ, ಕಿವಿರು ಎತ್ತು.
ಇಂಗ್ಲಿಷಿನವರು ಅದಕ್ಕೆ ಎವಿಡೆನ್ಸ್ ಅನ್ನುತ್ತಾರೆ.

ಬೋರ್ಡಿನ ಮೇಲೆ ಐ ಎಂದು ಬರೆದೆ.
ಒಂದೇ ಗೀಟು, ಮೇಲೊಂದು ಕೆಳಗೊಂದು ಪಟ್ಟಿ,
ವಾಕ್ಯದ ನಡುವೆ ಬಂದರೂ ತಲೆ ತಗ್ಗಿಸದ ಅಕ್ಷರ.
ಇವರಿಗೆ ಕಷ್ಟ. ನನಗೂ ಕಷ್ಟವೇ ಇತ್ತು.
ನಾವು ನನಗೆ ಅನಿಸುತ್ತದೆ ಎನ್ನುವವರು,
ಜ್ವರದ ಹಾಗೆ, ಬಾಯಾರಿಕೆಯ ಹಾಗೆ
ಅಭಿಪ್ರಾಯ ಎಲ್ಲಿಂದಲೋ ಬಂದು ನಮಗೆ ಆಗುತ್ತದೆ.
ತುಳುವಿನಲ್ಲೂ ಎಂಕ್ ತೋಜುಂಡು:
ನನಗೆ ಕಾಣುತ್ತದೆ, ಕಂಡದ್ದು ನನ್ನ ತಪ್ಪಲ್ಲ.
ಇಂಗ್ಲಿಷಿನಲ್ಲಾದರೆ ಮಾಡಿದವಳೇ ಎದ್ದು ನಿಲ್ಲಬೇಕು.
ಐ ಥಿಂಕ್. ಹೌದು, ನಾನೇ.

ಇನ್ನೊಮ್ಮೆ ಬರೆಯಿರಿ, ಅಂದೆ,
ನಿಮಗೆ ನಿಜಕ್ಕೂ ಸಿಟ್ಟು ಬರುವ ಸಂಗತಿ.

ಈ ಸಲ ಪ್ಲಾಸ್ಟಿಕ್. ಲಾಭವಿಲ್ಲ, ನಷ್ಟ ಮಾತ್ರ.
ಸ್ವಲ್ಪ ಮುಂದೆ ಹೋದೆವು.
ಜೋಯ್ಲಿನ್ ಅಣ್ಣನ ಬೈಕಿನ ವಿರುದ್ಧ ಒಂದು ಪುಟ ಬರೆದು
ಕೊನೆಯ ಸಾಲಿನಲ್ಲಿ ಅವನ ಕ್ಷಮೆ ಕೇಳಿದ್ದಾಳೆ.

ಎಲ್ಲಕ್ಕಿಂತ ಕೆಳಗೆ ಮುಫೀದಾಳ ಹಾಳೆ.
ಕಸಬಾ ಬೆಂಗ್ರೆಯಿಂದ ಹೊಳೆ ದಾಟಿ ಬರುವವಳು,
ಕೊನೆಯ ಬೆಂಚು, ಅರ್ಧ ವರ್ಷಕ್ಕೆ ಒಂದು ಮಾತಿಲ್ಲ.
ಶೀರ್ಷಿಕೆ: ಇಂಗ್ಲಿಷ್ ಮೇಡಮ್ಮಿನ ಬಾಗಿಲು.

ಒಂಬತ್ತು ಹತ್ತಕ್ಕೆ ಚಿಲಕ ಹಾಕುತ್ತಾರೆ.
ಐ ಥಿಂಕ್ ಇದು ತಪ್ಪು.
ಜನ ತುಂಬದೆ ಬೋಟು ಹೊರಡುವುದಿಲ್ಲ.
ಎಂಟೂಕಾಲಿಗೇ ನಾನು ಕುಳಿತಿರುತ್ತೇನೆ,
ಬೋಟೂ ಕುಳಿತಿರುತ್ತದೆ.
ಆ ದಡದಲ್ಲಿ ಮೊದಲು ಬಂದವಳು ನಾನು,
ಈ ದಡದಲ್ಲಿ ತಡವಾದವಳೂ ನಾನೇ.
ಮೇಡಂ ಬರುವುದು ಸ್ಕೂಟರಿನಲ್ಲಿ.
ಸ್ಕೂಟರು ಒಬ್ಬರಿಗೇ ಹೊರಡುತ್ತದೆ.

ಕೆಳಗೆ ಕಿವಿರು ಎತ್ತಿದ್ದಳು:
ಹದಿನೇಳು ತಾರೀಖು, ವಾರದ ಹೆಸರು ಸಮೇತ,
ವರಾಂಡದಲ್ಲಿ ನಿಂತು ಕೇಳಿದ ಪಾಠಗಳು.
ಆರ್ಟಿಕಲ್ಸ್ ಮಾಡಿದ ದಿನ ಫ್ಯಾನಿನ ಸದ್ದಿಗೆ
ಅರ್ಧವೇ ಕೇಳಿಸಿತಂತೆ.
ಸರಿ. ಹಾಳೆ ತುಂಬ ಎಲ್ಲೂ ಎ ಇಲ್ಲ, ದ ಇಲ್ಲ.
ಕೆಂಪು ಪೆನ್ನಿನಿಂದ ಒಂದೊಂದಾಗಿ ತುಂಬಿಸಹೊರಟೆ,
ಐದನೆಯದಕ್ಕೆ ನಿಲ್ಲಿಸಿದೆ.

ಬೋಟ್ ಈಸ್ ಸಿಟ್ಟಿಂಗ್, ಐ ಆಮ್ ಸಿಟ್ಟಿಂಗ್.
ದಿನನಿತ್ಯದ ಕೆಲಸಕ್ಕೆ ಈ ಕಾಲ ಸಲ್ಲದು,
ಸಿಟ್ಸ್ ಆಗಬೇಕು, ವ್ಯಾಕರಣ ನನ್ನ ಕಡೆ ಇದೆ.
ಆದರೂ ಸಿಟ್ಸ್ ಎಂದರೆ ಕೂತು ಮುಗಿಯಿತು.
ಇಲ್ಲಿ ಕೂತೇ ಇದ್ದಾಳೆ,
ಡೀಸೆಲಿನ ವಾಸನೆಯಲ್ಲಿ, ಅಳಿವೆಯ ಕಡೆ ಮುಖ ಮಾಡಿ,
ಇನ್ನು ನಾಲ್ಕು ಜನ ಬರಲಿ ಎಂದು.
ಹಾಗೇ ಬಿಟ್ಟೆ.

ಥ್ಯಾಂಕ್ಯೂ ಇಲ್ಲ, ಕ್ಷಮೆ ಇಲ್ಲ.
ಪದ ಎಣಿಸಿದೆ: ಇನ್ನೂರ ಹತ್ತೊಂಬತ್ತು.
ಮೂವತ್ತೊಂದು ಉಳಿಸಿದ್ದಾಳೆ, ನನಗೆ ಬೇಕಾದರೆ.

ಬಾಗಿಲ ವಿಷಯದಲ್ಲಿ ನನಗೆ ಬೇರೆಯೇ ಅನಿಸುತ್ತದೆ.
ಅಲ್ಲ. ನಾನು ಬೇರೆ ಯೋಚಿಸುತ್ತೇನೆ.
ಶಿಸ್ತು, ಎಂದು ಬರೆದೆ. ಅದು ಗೈಡಿನ ಪದ, ಹೊಡೆದು ಹಾಕಿದೆ.
ಉಳಿದವರ ಗಮನ, ಎಂದು ಬರೆದೆ.
ಉಳಿದವರು ಆಗ ಮೊಬೈಲಿನ ಲಾಭನಷ್ಟ ಬರೆಯುತ್ತಿದ್ದರು.

ಈಗ ಒಂಬತ್ತು ಹತ್ತು.
ಒಂದು ಕೈ ಚಿಲಕದ ಮೇಲೆ.
ಇನ್ನೊಂದು ಕೈಯಲ್ಲಿ ಅವಳ ಹಾಳೆ.