ಹದಿಮೂರನೇ ಬಾಟಲಿ

ಹನ್ನೊಂದರ ಬಿಸಿಲಲ್ಲಿ ಮೈದಾನ ಎರಡು ಸುತ್ತು ಓಡಿಸುತ್ತೇನೆ,
ಆಮೇಲೆ ಬಾಟಲಿ.
ಓಡಿದರೆ ಮೊಟ್ಟೆಗಳು ಕದಲಿ ಇಳಿಯುತ್ತವೆ;
ಹುಡುಗರು ಇದನ್ನು ಆಟ ಅಂದುಕೊಂಡಿದ್ದಾರೆ, ಇರಲಿ.

‘ಕೊನೆಯ ಹನಿ ಚೆಲ್ಲಬೇಡಿ ಕಣ್ರೋ,’ ಅನ್ನುತ್ತೇನೆ.
ಕೆಂಪು ಇರುವುದು ಅಲ್ಲೇ,
ಜಗಳ ಮುಗಿಸಿ ಹೊರಟವರು
ಬಾಗಿಲಲ್ಲಿ ನಿಂತು ಆಡುವ ಮಾತಿನ ಹಾಗೆ.

ಮಲಾವಿ ಸರೋವರದ ಈ ದಡದಲ್ಲಿ
ಅಜ್ಜನೂ ಕೆಂಪಗೆ ಹುಯ್ದವನೇ, ಅಪ್ಪನೂ.
ಗಂಡಾದ ಗುರುತಂತೆ ಅದು,
ಮೀಸೆಗಿಂತ ಮೊದಲು ಬರುವುದು.

ಸಾಲಾಗಿಟ್ಟ ಹನ್ನೆರಡೂ ಬಾಟಲಿ ಮಬ್ಬು.
ಪಟ್ಟಿ ಅದ್ದಿದರೆ ಹಳದಿ ಚೌಕ ಬಣ್ಣ ತಿರುಗುತ್ತದೆ:
ರಕ್ತ ಕಂಡರೆ ಹಸಿರು, ಈ ಕಾಗದಕ್ಕೆ.
ಕರೆಂಟಿಲ್ಲ. ಕನ್ನಡಿಯಿಂದ ಬಿಸಿಲು ಹಾಯಿಸಿ
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ
ಮೊಟ್ಟೆ, ತುದಿಗೊಂದು ಮುಳ್ಳು.
ಬಸವನಹುಳುವಿನ ಮನೆಯಲ್ಲಿ ಬೆಳೆದು
ಈಜುವವರ ಚರ್ಮ ತೂರಿ ಬಂದದ್ದರ ಸಂತಾನ.

ಹದಿಮೂರನೆಯದು ಯಾಂಖೊನದು. ತಿಳಿ.
ಈ ವರ್ಷವಷ್ಟೇ ಬೆಟ್ಟದ ಊರಿಂದ ಬಂದವನು,
ಈಜು ಬಾರದು.
ಕಾಗದ ಹಳದಿಯಾಗಿಯೇ ಉಳಿಯಿತು.
ಎಲ್ಲರೂ ಹೋಗುವ ತನಕ ಕಾದು
ಬಾಗಿಲು ಮುಂದೆ ಮಾಡಿ ಕೇಳಿದ:
‘ಅಕ್ಕಾ, ನನಗೇನಾಗಿದೆ?’

ಮಧ್ಯಾಹ್ನ ಕೋಲು ನಿಲ್ಲಿಸಿ ಎತ್ತರ ಅಳೆದೆ,
ಎತ್ತರಕ್ಕೆ ತಕ್ಕ ಮಾತ್ರೆ, ಮೊದಲು ಹೊಟ್ಟೆಗೆ ಗಂಜಿ.
ಅವನೂ ಸಾಲಲ್ಲಿ ನಿಂತಿದ್ದ,
ಹಿಮ್ಮಡಿ ಎತ್ತಿಕೊಂಡು.

ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಬರೆದೆ: ಸಹಜ.
ಬರೆದು, ಆ ಪದವನ್ನೇ ನೋಡುತ್ತ ಕೂತೆ.
ಹೊರಗೆ ಹನ್ನೆರಡು ಜನ ಅಂಗಿ ಕಳಚಿ
ನೀರಿನತ್ತ ಓಡುತ್ತಿದ್ದರು,
ಅವನ ಕೈಯನ್ನೂ ಹಿಡಿದೆಳೆಯುತ್ತ,
ಬಾರೋ, ಈಜು ಕಲಿಸ್ತೀವಿ ಬಾ.